ತೋಳಿನ ಬ್ಯಾಡ್ಜ್, ಲಾಗ್ ಪುಸ್ತಕದ ಸಾಕ್ಷಿ

ಗಣರಾಜ್ಯೋತ್ಸವದ ಪಥಸಂಚಲನದಲ್ಲಿ ಸ್ಕೌಟ್‌ಗಳು ಸಾಲಾಗಿ ಸಾಗುವುದನ್ನು ನೀವು ನೋಡಿರುತ್ತೀರಿ. ಅವರ ತೋಳಿನ ಮೇಲೆ ಹೊಲಿದಿರುವ ಪುಟ್ಟ ಬಟ್ಟೆಯ ಬ್ಯಾಡ್ಜ್‌ಗಳನ್ನು ಗಮನಿಸಿದ್ದೀರಾ? ಅವುಗಳ ಕಥೆ ಆರಂಭವಾಗುವುದು ನಮ್ಮ ದೇಶದಲ್ಲೇ.

1897ರಲ್ಲಿ ಮೀರತ್‌ನಲ್ಲಿ ಬ್ರಿಟಿಷ್ ಅಶ್ವದಳವೊಂದರ ಮುಖ್ಯಸ್ಥರಾಗಿ ಬಂದ ಬೇಡನ್ ಪೊವೆಲ್, ಬೇಹುಗಾರಿಕೆಯ ತರಬೇತಿ ಮುಗಿಸಿದ ಸೈನಿಕರಿಗೆ ಒಂದು ಬ್ಯಾಡ್ಜ್ ಕೊಡತೊಡಗಿದರು. ದಿಕ್ಸೂಚಿಯಲ್ಲಿ ಉತ್ತರವನ್ನು ತೋರಿಸುವ ಬಾಣದ ಮೊನೆಯೇ ಅದರ ಆಕಾರ. 1907ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು ಇಪ್ಪತ್ತು ಹುಡುಗರ ಶಿಬಿರ ನಡೆಸಿದಾಗ ಅದೇ ಗುರುತು ಅಲ್ಲಿಗೂ ಹೋಯಿತು. ಗಂಟು ಹಾಕುವುದು, ಹೆಜ್ಜೆಯ ಜಾಡು ಹಿಡಿಯುವುದು ಮುಂತಾದ ಪರೀಕ್ಷೆಗಳಲ್ಲಿ ತೇರ್ಗಡೆಯಾದವರಿಗೆ ಇನ್ನೊಂದು ಪಟ್ಟಿ ಸಿಗುತ್ತಿತ್ತು: 'ಸದಾ ಸಿದ್ಧ'.

ಎರಡೇ ವರ್ಷಗಳಲ್ಲಿ, 1909ರಲ್ಲಿ, ಭಾರತದ ಮೊದಲ ಸ್ಕೌಟ್ ದಳವನ್ನು ಕ್ಯಾಪ್ಟನ್ ಟಿ. ಎಚ್. ಬೇಕರ್ ಬೆಂಗಳೂರಿನಲ್ಲೇ ಆರಂಭಿಸಿದರು. ಆದರೆ ಅದರಲ್ಲಿ ಭಾರತೀಯ ಹುಡುಗರಿಗೆ ಪ್ರವೇಶವಿರಲಿಲ್ಲ! ನಕ್ಷೆ ಬರೆಯಲು, ಸಂಕೇತ ಕಳಿಸಲು ಕಲಿತ ಹುಡುಗರು ನಾಳೆ ಕ್ರಾಂತಿಕಾರರಾದರೆ ಎಂಬ ಅಳುಕು ಸರ್ಕಾರಕ್ಕಿತ್ತು. ಒಂದು ರೀತಿಯಲ್ಲಿ ಬ್ಯಾಡ್ಜಿನ ಬೆಲೆಯನ್ನು ಚೆನ್ನಾಗಿ ಅರಿತಿದ್ದವರು ಅವರೇ ಎನ್ನಬೇಕು. ಮದರಾಸಿನಲ್ಲಿ ಅನಿಬೆಸೆಂಟ್, ಉತ್ತರದಲ್ಲಿ ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಮೊದಲಾದವರು ನಮ್ಮ ಮಕ್ಕಳಿಗಾಗಿ ಪ್ರತ್ಯೇಕ ಸಂಘಗಳನ್ನೇ ಕಟ್ಟಬೇಕಾಯಿತು. ಸ್ವಾತಂತ್ರ್ಯಾನಂತರ, 1950ರ ನವೆಂಬರ್ 7ರಂದು, ಭಾರತ್ ಸ್ಕೌಟ್ಸ್ ಎಂಡ್ ಗೈಡ್ಸ್ ಸಂಸ್ಥೆ ಸ್ಥಾಪನೆಯಾಯಿತು.

ಈಗ ಪ್ರವೇಶದಿಂದ ತೃತೀಯ ಸೋಪಾನದವರೆಗೆ, ಅಲ್ಲಿಂದ ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರಗಳವರೆಗೆ ಮೆಟ್ಟಿಲುಗಳಿವೆ. ಜೊತೆಗೆ ಅಡುಗೆ, ಪ್ರಥಮ ಚಿಕಿತ್ಸೆ, ದಾರಿ ತೋರಿಸುವುದು ಮುಂತಾದ ಪ್ರಾವೀಣ್ಯಗಳಿಗೆ ಬೇರೆ ಬೇರೆ ಬ್ಯಾಡ್ಜ್‌ಗಳು. ಇಲ್ಲಿ ಮೊದಲ ಸ್ಥಾನ, ಎರಡನೆಯ ಸ್ಥಾನ ಎಂಬುದಿಲ್ಲ. ಕೆಲಸ ಬರುತ್ತದೆಯೇ ಇಲ್ಲವೇ, ಅಷ್ಟೇ ಪ್ರಶ್ನೆ. ಮಾಡಿದ್ದನ್ನು ದಿನಾಂಕ ಹಾಕಿ ಲಾಗ್ ಪುಸ್ತಕದಲ್ಲಿ ಬರೆಯಬೇಕು, ನಕ್ಷೆ ಬಿಡಿಸಬೇಕು. ಬಲ್ಲವರು ಪರೀಕ್ಷಿಸಿ ಸಹಿ ಹಾಕಬೇಕು. ಅಮೆರಿಕದಲ್ಲೂ ಇದೇ ಕ್ರಮ. 1911ರ ಅವರ ಕೈಪಿಡಿಯಲ್ಲಿ 57 ಬ್ಯಾಡ್ಜ್‌ಗಳಿದ್ದವು. ಮರು ವರ್ಷ 21 ಬ್ಯಾಡ್ಜ್ ಗಳಿಸಿ ಮೊದಲ 'ಈಗಲ್ ಸ್ಕೌಟ್' ಆದ ಆರ್ಥರ್ ಎಲ್ಡ್ರೆಡ್‌ನನ್ನು ಹಿರಿಯರ ಮಂಡಳಿಯೇ ಎದುರಿಗೆ ಕೂರಿಸಿ ಪ್ರಶ್ನಿಸಿತು.

ವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಹೊಸದೇನಲ್ಲ. ಪ್ರಯೋಗಾಲಯದ ರೆಕಾರ್ಡ್ ಪುಸ್ತಕವೂ ಇದೇ ತಾನೆ? ಅದನ್ನು ಹೇಗೆ 'ತುಂಬಿಸುತ್ತಾರೆ' ಎಂಬುದೂ ನಿಮಗೆ ಗೊತ್ತು. ನಾನೂ ಆ ಕೆಲಸ ಮಾಡಿದವನೇ. ಹೈಸ್ಕೂಲಿನಲ್ಲಿದ್ದಾಗ, ಹೋಗದ ಹೊರಸಂಚಾರವೊಂದನ್ನು ಹಿರಿಯ ಸ್ಕೌಟ್ ಒಬ್ಬನ ಲಾಗ್ ಪುಸ್ತಕದಿಂದ ನೋಡಿ ಅಂದವಾಗಿ ಬರೆದಿದ್ದೆ. ನಕ್ಷೆಗೆ ಬಣ್ಣವನ್ನೂ ಹಚ್ಚಿದ್ದೆ. ಪರೀಕ್ಷಕರು ಪುಟ ತಿರುವಿ ಕೇಳಿದ್ದು ಒಂದೇ ಪ್ರಶ್ನೆ: "ಕೆರೆಯ ಕೋಡಿ ಯಾವ ದಿಕ್ಕಿಗಿದೆಯಪ್ಪಾ?"

ನನಗೆ ಉತ್ತರ ಹೊಳೆಯಲಿಲ್ಲ. ಅವರು ಬೈಯಲಿಲ್ಲ, ಪುಸ್ತಕ ಮುಚ್ಚಿ ಕೈಗೆ ಕೊಟ್ಟರು. ಮುಂದಿನ ಭಾನುವಾರ ಬೆಳಿಗ್ಗೆ ದಿಕ್ಸೂಚಿ ಹಿಡಿದು ಕೆರೆಯವರೆಗೆ ನಡೆದೆ. ಕೋಡಿ ಪೂರ್ವಕ್ಕಿತ್ತು.