ಬೆಟ್ಟದ ಮನೆಗೆ ದಾರಿ ತೋರಿದವರು

ಪುಷ್ಯಮಾಸದ ಮುಂಜಾನೆ ಕುಂತೂರಿನ ಬಯಲಿನಲ್ಲಿ ನಿಂತು ದಕ್ಷಿಣಕ್ಕೆ ನೋಡಿದರೆ ಬಿಳಿಗಿರಿರಂಗನ ಬೆಟ್ಟದ ಸಾಲು ಅರ್ಧ ಮಾತ್ರ ಕಾಣುತ್ತದೆ. ಉಳಿದರ್ಧ ಮಂಜಿನ ಪಾಲು. ಬಿಸಿಲೇರಿದ ಮೇಲಷ್ಟೇ ನೆತ್ತಿ ಬಯಲಾಗುತ್ತದೆ. ಇಲ್ಲಿ ಮಂಜು ಕವಿಯುತ್ತದೆಯೇ ಹೊರತು ಹಿಮ ಬೀಳುವುದಿಲ್ಲ. ಆದರೂ ಹಿಮಪರ್ವತಗಳ ಆರೋಹಣದ ಚರಿತ್ರೆಯಲ್ಲಿ ಯಳಂದೂರು ಸೀಮೆಯ ಈ ಬೆಟ್ಟಕ್ಕೂ ಒಂದು ಸಂಬಂಧವಿದೆ.

ಯುರೋಪಿನಲ್ಲಿ ಚಳಿಗಾಲದ ಬೆಟ್ಟಯಾತ್ರೆ ಎಂದರೆ ಉದ್ದನೆಯ ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುತ್ತ ಸಾಗಿ, ಎತ್ತರದ ಒಂಟಿ ತಂಗುಮನೆಯಲ್ಲಿ ರಾತ್ರಿ ಕಳೆಯುವುದು. ಸ್ವಿಟ್ಜರ್ಲೆಂಡಿನ ಆಲ್ಪೈನ್ ಕ್ಲಬ್ ಹುಟ್ಟಿದ 1863ರಲ್ಲೇ ಟೋಡಿ ಪರ್ವತದಲ್ಲಿ ತನ್ನ ಮೊದಲ ತಂಗುಮನೆಯನ್ನು ಕಟ್ಟಿತು. ಭಾರತದಲ್ಲಿ ಬ್ರಿಟಿಷರು 1920ರ ದಶಕದಲ್ಲಿ ಗುಲ್ಮಾರ್ಗದಲ್ಲಿ ಸ್ಕೀ ಕ್ಲಬ್ ನಡೆಸಿದರು. ಅದರ ಮೇಲಿನ ಖಿಲನ್‌ಮಾರ್ಗ್‌ನಲ್ಲಿ ಒಂದು ತಂಗುಮನೆಯೂ ಎದ್ದಿತು. ವಿಹಾರಕ್ಕಾಗಿ ಬೆಟ್ಟ ಹತ್ತುವ ಹವ್ಯಾಸ ನಮ್ಮಲ್ಲಿಗೆ ಬಂದದ್ದು ಹೀಗೆ.

ಆದರೆ ಬೆಟ್ಟಕ್ಕೆ ನಡೆಯುವುದು, ನಡುವೆ ತಂಗುವುದು ನಮ್ಮ ಸೀಮೆಗೆ ಹೊಸದಲ್ಲ. ಮಲೆಯ ಮಾದೇಶ್ವರನ ಜನಪದ ಮಹಾಕಾವ್ಯದಲ್ಲಿ ಸುತ್ತೂರು ಮಠದಿಂದ ಹೊರಟ ಮಾದಪ್ಪ ಕುಂತೂರು ಮಠಕ್ಕೆ ಬರುತ್ತಾನೆ. ಅಲ್ಲಿಂದ ಮುಂದೆ ಎಪ್ಪತ್ತೇಳು ಮಲೆಯ ಕಡೆ ಹೆಜ್ಜೆ ಹಾಕುತ್ತಾನೆ. ಊರು ಮುಗಿದು ಕಾಡು ಶುರುವಾಗುವ ಮೊದಲಿನ ತಂಗುದಾಣ ಕುಂತೂರು. ಅತ್ತ ಬಿಳಿಗಿರಿರಂಗನೂ ಕೂತಲ್ಲಿ ಕೂರುವ ದೇವರಲ್ಲ. ಕಾಡು ಸುತ್ತಿ ಅವನ ಚಪ್ಪಲಿ ಸವೆಯುತ್ತದೆ ಎಂಬುದು ಭಕ್ತರ ನಂಬಿಕೆ. ಹಾಗಾಗಿಯೇ ಚಮ್ಮಾರಿಕೆಯ ಕುಲದವರು ದೊಡ್ಡ ಚರ್ಮದ ಪಾದುಕೆಗಳನ್ನು ಹೊಸದಾಗಿ ಹೊಲಿದು ಅವನಿಗೆ ಒಪ್ಪಿಸುತ್ತ ಬಂದಿದ್ದಾರೆ. ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದ ಕಾರಣ ರಂಗಪ್ಪ ಸೋಲಿಗರಿಗೆ ಭಾವ. ಅಂದರೆ ದೇವರೂ ಈ ಬೆಟ್ಟಕ್ಕೆ ನೆಂಟಸ್ತಿಕೆಯ ಮೂಲಕವೇ ಸೇರಿದವನು. ಕಾಡಿನ ಮೂಲ ಒಡೆತನ ಯಾರದೆಂಬುದನ್ನು ಈ ಕಥೆ ಮೆಲ್ಲಗೆ ಹೇಳುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಬಂದ ಬಿಳಿಯರಿಗೂ ಈ ಸತ್ಯ ಬೇಗನೆ ಅರಿವಾಯಿತು. ಮೈಸೂರು ಸರ್ಕಾರದ ಸೇವೆಯಲ್ಲಿದ್ದ ಜಿ.ಪಿ. ಸ್ಯಾಂಡರ್ಸನ್ 1874ರಲ್ಲಿ ಈ ಬೆಟ್ಟದ ಬುಡದಲ್ಲಿ ಹೊನ್ನುಹೊಳೆಯ ಸೀಮೆಯಲ್ಲಿ ಖೆಡ್ಡಾ ನಡೆಸಿ ಕಾಡಾನೆಗಳ ಹಿಂಡನ್ನು ಸೆರೆಹಿಡಿದ. ಕಾಡುಪ್ರಾಣಿಗಳ ನಡುವೆ ಕಳೆದ ಹದಿಮೂರು ವರ್ಷಗಳ ಅನುಭವವನ್ನು ಅವನು 1878ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಜಾಡು ಹಿಡಿಯುವುದರಲ್ಲಿ ಸೋಲಿಗರಿಗಿದ್ದ ನೈಪುಣ್ಯವೂ ಅದರಲ್ಲಿ ದಾಖಲಾಗಿದೆ.

1880ರ ದಶಕದ ಕೊನೆಯಲ್ಲಿ ಸ್ಕಾಟ್ ಮೂಲದ ಮಾರಿಸ್ ಕುಟುಂಬ ಬೆಟ್ಟದ ಮೇಲೆ ಕಾಫಿ ಬೆಳೆಯಲು ಬಂತು. ಮೊದಲು ಅತ್ತಿಕಾನೆ, ಆಮೇಲೆ ಹೊನ್ನಮೇಟಿ. ಸುತ್ತ ಆನೆ, ಕಾಟಿಗಳ ಕಾಡು. ನಡುವೆ ಒಂದು ಮನೆ. ಎರಡನೆಯ ತಲೆಮಾರಿನ ರಾಲ್ಫ್ ಮಾರಿಸ್ ತೋಟಗಾರನಾಗಿದ್ದಂತೆ ಬೇಟೆಗಾರನೂ ನಿಸರ್ಗ ಶಾಸ್ತ್ರಜ್ಞನೂ ಆಗಿದ್ದ. ಈ ಬೆಟ್ಟದ ಹಕ್ಕಿಗಳ ಮೊದಲ ಸಮೀಕ್ಷೆ ಅವನದು. ಅವನ ನಂತರ ಸಲೀಂ ಅಲಿ ಇಲ್ಲಿನ ಹಕ್ಕಿಗಳನ್ನು ಸಮೀಕ್ಷಿಸಿದರು.

1920ರಲ್ಲಿ ಹುಟ್ಟಿದ ಮೋನಿಕಾ ಈ ರಾಲ್ಫ್ ಮಾರಿಸ್‌ನ ಮಗಳು. ಆಕೆಯ ಬಾಲ್ಯ ಕಳೆದದ್ದು ಇದೇ ಕಾಡಿನ ಮನೆಯಲ್ಲಿ. ಮದುವೆಯ ನಂತರ ಮೋನಿಕಾ ಜ್ಯಾಕ್ಸನ್ ಆದ ಈಕೆ, 1955ರಲ್ಲಿ ಎಲಿಜಬೆತ್ ಸ್ಟಾರ್ಕ್ ಮತ್ತು ಎವಲಿನ್ ಕ್ಯಾಮ್ರಾಸ್ ಅವರೊಂದಿಗೆ ನೇಪಾಳದ ಜುಗಲ್ ಹಿಮಾಲಯಕ್ಕೆ ಹೊರಟಳು. ಹಿಮಾಲಯದ ಆರೋಹಣಕ್ಕಾಗಿ ಹೋದ ಮೊದಲ ಮಹಿಳಾ ತಂಡ ಇದೆಂದು ಚರಿತ್ರೆ ಗುರುತಿಸುತ್ತದೆ. ಅಲ್ಲಿ ತಂಗುಮನೆಗಳಿರಲಿಲ್ಲ, ನೀರ್ಗಲ್ಲಿನ ಮೇಲೆ ಹೂಡಿದ ಡೇರೆಗಳೇ ಮನೆ. ಹಿಂದೆ ಯಾರೂ ಏರದಿದ್ದ ಒಂದು ಶಿಖರವನ್ನು ಅವರು ಷೆರ್ಪಾಗಳ ಜತೆ ಏರಿದರು. ಮರುವರ್ಷ ಮೋನಿಕಾ ಮತ್ತು ಎಲಿಜಬೆತ್ ಸೇರಿ ಆ ಯಾತ್ರೆಯ ಪುಸ್ತಕ ಬರೆದರು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆ ಶಿಖರಕ್ಕೆ ಅವರು ತಮ್ಮ ಹೆಸರನ್ನಾಗಲೀ ತಮ್ಮ ರಾಣಿಯ ಹೆಸರನ್ನಾಗಲೀ ಇಡಲಿಲ್ಲ. ಷೆರ್ಪಾಗಳ ಮುಖಂಡ ಮಿಂಗ್ಮಾ ಗ್ಯಾಲ್ಗೆನ್ ಹೆಸರಿನಲ್ಲಿ ಅದನ್ನು ಗ್ಯಾಲ್ಗೆನ್ ಶಿಖರವೆಂದು ಕರೆದರು. ಹೊರೆ ಹೊತ್ತವರು, ದಾರಿ ತೋರಿದವರು ಸಾಹಸದ ಕಥೆಗಳಲ್ಲಿ ಸಾಮಾನ್ಯವಾಗಿ ಹಿನ್ನೆಲೆಗೆ ಸರಿಯುತ್ತಾರೆ. ಇಲ್ಲಿ ಹಾಗಾಗಲಿಲ್ಲ.

ಮೋನಿಕಾ ಬಿಟ್ಟುಹೋದ ಬೆಟ್ಟದಲ್ಲಿ ದಾರಿ ತೋರಿದವರ ಪಾಡು ಏನಾಯಿತು? 1974ರಲ್ಲಿ ಈ ಕಾಡು ವನ್ಯಜೀವಿಧಾಮವಾಯಿತು. ಬೇಟೆ ನಿಂತದ್ದು ಒಳ್ಳೆಯದೇ. ಆದರೆ ಸೋಲಿಗರ ಕುಮರಿ ಬೇಸಾಯವೂ ನಿಂತಿತು. ಒಳಕಾಡಿನ ಪೋಡುಗಳು ರಸ್ತೆಯಂಚಿಗೆ ಸರಿದವು. ತರಗೆಲೆಗಷ್ಟೇ ಹಚ್ಚುತ್ತಿದ್ದ ಸಣ್ಣ ಬೆಂಕಿ, ಅವರ ಮಾತಿನ ‘ತರಗು ಬೆಂಕಿ’, ಅದಕ್ಕೂ ನಿಷೇಧ ಬಂತು. ಅಂದಿನಿಂದಲೇ ಕಾಡಿನ ನೆಲವನ್ನು ಲಂಟಾನ ಆವರಿಸಿತೆಂದು ಸೋಲಿಗ ಹಿರಿಯರು ಹೇಳುತ್ತಾರೆ. ಮೈಸೂರು ಅರಸರ ಬೇಟೆಯ ತಾಣವಾಗಿದ್ದ ಕ್ಯಾತದೇವರ ಗುಡಿ ಪ್ರವಾಸಿಗರ ತಂಗುದಾಣವಾಯಿತು. ಕಾಡಿನೊಳಗೆ ಇದ್ದವರು ಹೊರಗಾದರು, ಹೊರಗಿನವರು ಒಳಗೆ ತಂಗಿದರು.

ಮುದಿವಯಸ್ಸಿನಲ್ಲಿ ಮೋನಿಕಾ ಬಾಲ್ಯದ ಈ ಬೆಟ್ಟಗಳಿಗೆ ಮರಳಿ ಬಂದರು. ಆ ಮರುಭೇಟಿಯ ಬಗ್ಗೆ ಅವರು ಬರೆದ ಪುಸ್ತಕ 1994ರಲ್ಲಿ ಪ್ರಕಟವಾಯಿತು.

2011ರಲ್ಲಿ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ, 2006ರ ಅರಣ್ಯ ಹಕ್ಕು ಕಾಯಿದೆಯಂತೆ ಇಲ್ಲಿನ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶವೊಂದರ ಒಳಗೆ ಇಂಥ ಹಕ್ಕು ಮಾನ್ಯವಾದದ್ದು ದೇಶದಲ್ಲೇ ಮೊದಲು. ಜೇನು, ನೆಲ್ಲಿಕಾಯಿಗಳ ಹಕ್ಕಷ್ಟೇ ಅಲ್ಲ, ದೊಡ್ಡ ಸಂಪಿಗೆ ಮರದಂಥ ಪವಿತ್ರ ತಾಣಗಳಿಗೆ ನಡೆದು ಹೋಗುವ ಹಕ್ಕೂ ಇದರಲ್ಲಿ ಸೇರಿದೆ. ತಮ್ಮ ಕುಲಗಳ ದೇವತಾಣಗಳನ್ನು ಸೋಲಿಗರು ಸಂಶೋಧಕರ ನೆರವಿನಿಂದ ನಕ್ಷೆಯ ಮೇಲೆ ಗುರುತಿಸಿಯೂ ಇದ್ದಾರೆ.

ಆದರೆ ಕಾಗದದ ಮೇಲಿನ ಹಕ್ಕಿನಿಂದಲೇ ಕಾಲುದಾರಿ ತೆರೆಯುವುದಿಲ್ಲ. ನಡೆಯುವವರಿಲ್ಲದ ದಾರಿಯನ್ನು ಪೊದೆ ಒಂದೆರಡು ಮಳೆಗಾಲದಲ್ಲೇ ಮುಚ್ಚಿಬಿಡುತ್ತದೆ. ಇಂದು ಚಳಿಗಾಲದ ರಜೆಯಲ್ಲಿ ಬೆಟ್ಟದ ಮೇಲೆ ಒಂದು ರಾತ್ರಿ ತಂಗಿ ಮಂಜು ನೋಡಿ ಬರುವವರು ಬಹಳ. ಅವರ ವಾಹನ ಏರುವ ದಾರಿಗಿಂತ ಹಳೆಯದಾದ ದಾರಿಯೊಂದು ಅದೇ ಕಾಡಿನಲ್ಲಿದೆ. ಅದನ್ನು ಬಲ್ಲವರ ಮಕ್ಕಳು ಅದರಲ್ಲಿ ಇನ್ನೂ ನಡೆಯುವಂತಿದ್ದರೆ ಮಾತ್ರ ಆ ದಾರಿ ಉಳಿದೀತು.