ತೂಕ ಇಳಿಸುವವರ ಆಹಾರದಲ್ಲಿ ಕೊಬ್ಬು

ತೂಕ ಇಳಿಸಲು ಹೊರಟವರು ಆಹಾರದ ಕೊಬ್ಬಿನ ಬಗ್ಗೆ ತಳೆಯುವ ಧೋರಣೆ ಕಳೆದ ಆರೇಳು ದಶಕಗಳಲ್ಲಿ ಎರಡು ತುದಿಗಳ ನಡುವೆ ತೂಗಾಡಿದೆ. ಒಂದು ಕಡೆ ಎಣ್ಣೆ, ತುಪ್ಪ, ತೆಂಗಿನಕಾಯಿ, ಶೇಂಗಾ, ಹಾಲಿನ ಕೆನೆ ಎಲ್ಲವನ್ನೂ ಮೊದಲ ದಿನವೇ ಬಿಟ್ಟುಬಿಡುವವರು. ಇನ್ನೊಂದು ಕಡೆ ಅನ್ನ, ಮುದ್ದೆ, ಚಪಾತಿ ಬಿಟ್ಟು ಕಾಫಿಗೂ ಬೆಣ್ಣೆ ಹಾಕಿಕೊಂಡು ಕುಡಿಯುವವರು. ತಿಂದ ಜಿಡ್ಡು ನೇರವಾಗಿ ಹೊಟ್ಟೆಯ ಸುತ್ತ ಹೋಗಿ ಕೂರುತ್ತದೆ ಎಂದು ಮೊದಲನೆಯವರು ನಂಬುತ್ತಾರೆ. ಜಿಡ್ಡು ತಿಂದರೇ ಮೈಯ ಜಿಡ್ಡು ಕರಗುತ್ತದೆ ಎಂದು ಎರಡನೆಯವರು. ಹೊರನೋಟಕ್ಕೆ ಬದ್ಧವೈರಿಗಳಂತೆ ಕಾಣುವ ಈ ಎರಡು ಪಂಗಡಗಳೂ ಒಂದೇ ಗೊಂದಲದ ಮೇಲೆ ನಿಂತಿವೆ. ಹೃದಯಕ್ಕೆ ಯಾವ ಕೊಬ್ಬು ಹಿತ ಎಂಬ ಪ್ರಶ್ನೆಯನ್ನೂ ಏನು ತಿಂದರೆ ತೂಕ ಇಳಿಯುತ್ತದೆ ಎಂಬ ಪ್ರಶ್ನೆಯನ್ನೂ ಬೆರೆಸಿ, ಎರಡಕ್ಕೂ ಒಂದೇ ಉತ್ತರ ಹುಡುಕಿದ್ದರಿಂದ ಹುಟ್ಟಿದ ಗೊಂದಲ ಅದು. ಹೃದಯದ ವಿಚಾರದಲ್ಲಿ ಕೊಬ್ಬಿನ ಬಗೆ ಮುಖ್ಯ. ತೂಕದ ವಿಚಾರದಲ್ಲಿ ಒಟ್ಟು ಎಷ್ಟು ತಿಂದರು ಎಂಬುದು ಮುಖ್ಯ. ತಿನ್ನುವುದಕ್ಕೆ ಹಾಕಿಕೊಂಡ ಮಿತಿಗೆ ವರ್ಷಗಟ್ಟಲೆ ಕಟ್ಟುಬಿದ್ದಿರಲು ಆಗುತ್ತದೆಯೇ ಎಂಬುದು ಇನ್ನೂ ಮುಖ್ಯ.

ಬೊಜ್ಜಿಗೆ ಜಿಡ್ಡೇ ಮೂಲ ಎಂಬ ಮಾತು ಅಷ್ಟೇನೂ ಹಳೆಯದಲ್ಲ. 1863ರಲ್ಲಿ ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಎಂಬಾತ ತನ್ನ ತೂಕ ಇಳಿದ ಬಗೆಯನ್ನು ಬರೆದು ಅಚ್ಚು ಹಾಕಿಸಿದ. ಶವಸಂಸ್ಕಾರದ ಏರ್ಪಾಟು ಮಾಡುವುದು ಆತನ ಕಸುಬು. ಆತ ಬಿಟ್ಟದ್ದು ಬ್ರೆಡ್ಡು, ಸಕ್ಕರೆ, ಬಿಯರ್, ಆಲೂಗಡ್ಡೆ. ಬೆಣ್ಣೆ, ಹಾಲು ಕೂಡ ಬಿಟ್ಟವುಗಳಲ್ಲಿದ್ದರೂ ಮಾಂಸ, ಮೀನು ಧಾರಾಳವಾಗಿಯೇ ಇದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಮೆರಿಕದ ವಿಲ್ಬರ್ ಆಟ್‌ವಾಟರ್ ಆಹಾರದ ಶಕ್ತಿಯನ್ನು ಅಳೆದು ತೋರಿಸಿದ ಮೇಲೆ ಕೊಬ್ಬಿಗೆ ಕೆಟ್ಟ ಹೆಸರು ಬರಲು ಬೇಕಾದ ಅಂಕಿ ಸಿಕ್ಕಿತು: ಒಂದು ಗ್ರಾಂ ಪಿಷ್ಟ ಅಥವಾ ಪ್ರೋಟೀನಿಗೆ 4 ಕ್ಯಾಲೊರಿ, ಒಂದು ಗ್ರಾಂ ಕೊಬ್ಬಿಗೆ 9. ಆದರೂ ಕೊಬ್ಬಿನ ಮೇಲೆ ನಿಜವಾದ ಭಯ ಹುಟ್ಟಿಸಿದ್ದು ಹೃದಯಾಘಾತ. 1955ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಹೃದಯಾಘಾತವಾದಾಗ ಇಡೀ ಅಮೆರಿಕ ಈ ಕಾಯಿಲೆಯ ಬಗ್ಗೆ ಮಾತಾಡತೊಡಗಿತು. ಆಹಾರದ ಕೊಬ್ಬಿಗೂ ಹೃದಯದ ಕಾಯಿಲೆಗೂ ಇರುವ ನಂಟು ಹುಡುಕಲು 1958ರಲ್ಲಿ ಏಳು ದೇಶಗಳ ಅಧ್ಯಯನ ಆರಂಭಿಸಿದ ಆ್ಯನ್ಸೆಲ್ ಕೀಸ್ ಅವರ ಮುಖಚಿತ್ರ 1961ರಲ್ಲಿ ಟೈಮ್ ಪತ್ರಿಕೆಯ ಮೇಲೆ ಬಂತು. ಅದೇ ವರ್ಷ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಸ್ಯಾಚುರೇಟೆಡ್ ಕೊಬ್ಬಿನ ಬದಲು ಸಸ್ಯಜನ್ಯ ಎಣ್ಣೆ ಬಳಸುವಂತೆ ಸಲಹೆ ಕೊಟ್ಟಿತು. 1977ರಲ್ಲಿ ಸೆನೆಟರ್ ಮೆಕ್‌ಗವರ್ನ್ ಸಮಿತಿಯು ಒಟ್ಟು ಕ್ಯಾಲೊರಿಯಲ್ಲಿ ಕೊಬ್ಬಿನ ಪಾಲನ್ನು ಶೇ 30ಕ್ಕೆ ಇಳಿಸಬೇಕೆಂದಿತು. ಇಲ್ಲಿ ನಡೆದ ಜಾರುವಿಕೆಯನ್ನು ಗಮನಿಸಬೇಕು. ಮೊದಲಿನ ಸಲಹೆ ಕೊಬ್ಬಿನ ಬಗೆ ಬದಲಿಸಿ ಎಂದಿತ್ತು. ಅದು ಜನರ ಬಾಯಿಗೆ ಬರುವ ಹೊತ್ತಿಗೆ ಕೊಬ್ಬು ಬಿಡಿ ಎಂದಾಗಿತ್ತು. ರಕ್ತನಾಳಕ್ಕಾಗಿ ಬರೆದ ಚೀಟಿಯನ್ನು ಸೊಂಟದ ಸುತ್ತಳತೆಗೂ ಬಳಸಿಕೊಂಡರು, ಒಂಬತ್ತು ಕ್ಯಾಲೊರಿಯ ಲೆಕ್ಕ ಅದಕ್ಕೆ ಸಾಕ್ಷಿ ಹೇಳಿತು.

ಮುಂದಿನದು ಅಂಗಡಿಯ ಕಥೆ. 1992ರಲ್ಲಿ ನಬಿಸ್ಕೊ ಕಂಪನಿ ಸ್ನ್ಯಾಕ್‌ವೆಲ್ಸ್ ಎಂಬ ಕೊಬ್ಬಿಲ್ಲದ ಬಿಸ್ಕತ್ತು ಮಾರುಕಟ್ಟೆಗೆ ತಂದಿತು. ಬಿಸ್ಕತ್ತಿನಿಂದ ಜಿಡ್ಡು ತೆಗೆದರೆ ರುಚಿಯೂ ಹೋಗುತ್ತದೆ, ಗರಿಗರಿಯೂ ಹೋಗುತ್ತದೆ. ಆ ಜಾಗ ತುಂಬಲು ಸಕ್ಕರೆ ಮತ್ತು ಪಿಷ್ಟ ಬೇಕು. ಹೀಗಾಗಿ ಕ್ಯಾಲೊರಿ ಹೆಚ್ಚೇನೂ ಇಳಿಯಲಿಲ್ಲ, ಆದರೆ ಪೊಟ್ಟಣದ ಮೇಲಿನ ಮಾತು ನಂಬಿ ಎರಡರ ಬದಲು ಆರು ತಿನ್ನಲು ಅಡ್ಡಿಯಿರಲಿಲ್ಲ. ಈ ಕಾಲವನ್ನು ತೋರಿಸಿ, ಕೊಬ್ಬು ಕಡಿಮೆ ಮಾಡಿದ್ದರಿಂದಲೇ ಅಮೆರಿಕ ದಪ್ಪವಾಯಿತು ಎಂದು ವಾದಿಸುವವರಿದ್ದಾರೆ. ಅಂಕಿ ಅಷ್ಟು ಸುಲಭವಾಗಿ ಅವರ ಪರ ನಿಲ್ಲುವುದಿಲ್ಲ. ಅಲ್ಲಿನ ರಾಷ್ಟ್ರೀಯ ಸಮೀಕ್ಷೆಗಳ ಪ್ರಕಾರ 1971ರಿಂದ 2000ದ ನಡುವೆ ಗಂಡಸರ ಕ್ಯಾಲೊರಿಯಲ್ಲಿ ಕೊಬ್ಬಿನ ಪಾಲು ಶೇ 36.9ರಿಂದ 32.8ಕ್ಕೆ, ಹೆಂಗಸರದು ಶೇ 36.1ರಿಂದ 32.8ಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ಗಂಡಸರು ದಿನಕ್ಕೆ ತಿನ್ನುವ ಒಟ್ಟು ಕ್ಯಾಲೊರಿ 2,450ರಿಂದ 2,618ಕ್ಕೆ, ಹೆಂಗಸರು ತಿನ್ನುವುದು 1,542ರಿಂದ 1,877ಕ್ಕೆ ಏರಿತು. ಗುಣಿಸಿ ಭಾಗಿಸಿ ನೋಡಿದರೆ ಗಂಡಸರ ತಟ್ಟೆಯಲ್ಲಿ ಕೊಬ್ಬು ಇಳಿದದ್ದು ಸುಮಾರು 5 ಗ್ರಾಂ ಮಾತ್ರ. ಹೆಂಗಸರ ತಟ್ಟೆಯಲ್ಲಿ ಆರೂವರೆ ಗ್ರಾಂನಷ್ಟು ಹೆಚ್ಚಿತು. ಅಂದರೆ ಕೊಬ್ಬನ್ನು ಯಾರೂ ಬಿಟ್ಟಿರಲೇ ಇಲ್ಲ. ಅದರ ಜೊತೆಗೆ ಬೇರೆಯದನ್ನು ಸೇರಿಸಿಕೊಂಡು ತಿಂದರು, ಶೇಕಡಾವಾರು ಲೆಕ್ಕ ತಾನಾಗಿ ಇಳಿಯಿತು. ಸ್ಥೂಲಕಾಯರ ಪ್ರಮಾಣ ಮಾತ್ರ ಶೇ 14.5ರಿಂದ ಶೇ 30.9ಕ್ಕೆ ಹೋಯಿತು. ಶೇಕಡಾ ಲೆಕ್ಕವನ್ನೇ ನೆಚ್ಚಿಕೊಂಡರೆ ಎಂಥ ಮೋಸವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಸಮೀಕ್ಷೆಗಿಂತ ಗಟ್ಟಿಯಾದ ಪುರಾವೆ ಪ್ರಯೋಗಗಳದು. ಚೀಟಿ ಎತ್ತಿದಂತೆ ಜನರನ್ನು ಗುಂಪು ಮಾಡಿ, ಒಂದು ಗುಂಪಿಗೆ ಒಂದು ಪಥ್ಯ, ಇನ್ನೊಂದಕ್ಕೆ ಇನ್ನೊಂದು ಎಂದು ಕೊಟ್ಟು ತಿಂಗಳುಗಟ್ಟಲೆ ತೂಗುವ ಕ್ರಮ ಅಲ್ಲಿದೆ. 2009ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 811 ಜನರಿಗೆ ನಾಲ್ಕು ಬಗೆಯ ಪಥ್ಯ ಹೇಳಲಾಗಿತ್ತು. ಎರಡರಲ್ಲಿ ಕೊಬ್ಬಿನ ಪಾಲು ಶೇ 20, ಇನ್ನೆರಡರಲ್ಲಿ ಶೇ 40. ಆರು ತಿಂಗಳಿಗೆ ಸರಾಸರಿ ಆರು ಕೆ.ಜಿ. ಇಳಿಯಿತು, ಆಮೇಲೆ ನಿಧಾನವಾಗಿ ಮರಳತೊಡಗಿತು, ಎರಡು ವರ್ಷದ ಕೊನೆಗೆ ನಿಂತ ಇಳಿಕೆ ಸುಮಾರು ನಾಲ್ಕು ಕೆ.ಜಿ. ಕೊಬ್ಬು ಇಪ್ಪತ್ತಿದ್ದರೂ ನಲವತ್ತಿದ್ದರೂ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. ಸ್ಟ್ಯಾನ್‌ಫರ್ಡ್‌ನ ಕ್ರಿಸ್ಟೋಫರ್ ಗಾರ್ಡ್‌ನರ್ ತಂಡ 2018ರಲ್ಲಿ 609 ಜನರ ಫಲಿತಾಂಶ ಪ್ರಕಟಿಸಿತು. ಒಂದು ವರ್ಷದಲ್ಲಿ ಕೊಬ್ಬು ಕಡಿಮೆ ಮಾಡಿದವರು 5.3 ಕೆ.ಜಿ., ಪಿಷ್ಟ ಕಡಿಮೆ ಮಾಡಿದವರು 6 ಕೆ.ಜಿ. ಇಳಿಸಿದ್ದರು, ಈ ಅಂತರ ಅಂಕಿಶಾಸ್ತ್ರದ ಪ್ರಕಾರ ಲೆಕ್ಕಕ್ಕೆ ಬರುವಂಥದ್ದಲ್ಲ. ಎರಡೂ ಗುಂಪಿಗೆ ಹೇಳಿದ್ದ ಒಂದು ಮಾತು ಸಮಾನವಾಗಿತ್ತು: ತರಕಾರಿ ಹೆಚ್ಚು ತಿನ್ನಿ, ಸಕ್ಕರೆ ಮತ್ತು ಮೈದಾ ಬಿಡಿ, ಆದಷ್ಟು ಮನೆಯಲ್ಲೇ ಅಡುಗೆ ಮಾಡಿ. ಸರಾಸರಿಗಿಂತ ಕುತೂಹಲಕರವಾದದ್ದು ಗುಂಪಿನೊಳಗಿನ ಏರುಪೇರು. ಎರಡೂ ಕಡೆ ಇಪ್ಪತ್ತು ಕೆ.ಜಿ.ಗೂ ಮಿಕ್ಕಿ ಇಳಿಸಿದವರಿದ್ದರು, ತೂಕ ಹೆಚ್ಚಿಸಿಕೊಂಡವರೂ ಇದ್ದರು. ಯಾರಿಗೆ ಯಾವುದು ಒಗ್ಗುತ್ತದೆಂದು ವಂಶವಾಹಿ ನೋಡಿ ಹೇಳಬಹುದೇ ಎಂದು ಪರೀಕ್ಷಿಸಿದರು, ಆಗಲಿಲ್ಲ.

ಕೊಬ್ಬನ್ನು ದೂರುವವರ ವಾದದಲ್ಲಿ ಹುರುಳಿಲ್ಲವೆಂದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರ ಮಾರ್ಗಸೂಚಿಯಲ್ಲೂ ತೂಕ ಏರದಿರಲು ಕೊಬ್ಬನ್ನು ಶೇ 30ರೊಳಗೆ ಇಡಲು ಹೇಳಿದೆ. ತೂಕ ಇಳಿಸುವ ಉದ್ದೇಶವಿಲ್ಲದೆ ಕೊಬ್ಬು ಕಡಿಮೆ ಮಾಡಿದವರ ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದಾಗ ಒಂದೂವರೆ ಕೆ.ಜಿ. ಆಸುಪಾಸಿನ ಇಳಿಕೆ ಕಂಡಿದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ನಡೆಸಿದ, 2021ರಲ್ಲಿ ಪ್ರಕಟವಾದ ಪ್ರಯೋಗ ಇನ್ನೂ ಹರಿತವಾದದ್ದು. 20 ಜನರನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು ಎರಡು ವಾರ ಕೊಬ್ಬು ತೀರಾ ಕಡಿಮೆಯಿರುವ ಸಸ್ಯಾಹಾರ, ಎರಡು ವಾರ ಪಿಷ್ಟ ತೀರಾ ಕಡಿಮೆಯಿದ್ದು ಕೊಬ್ಬು ಹೆಚ್ಚಿರುವ ಕೀಟೊ ಆಹಾರ ಕೊಟ್ಟು, ಬೇಕಾದಷ್ಟು ತಿನ್ನಿ ಎಂದರು. ಸಸ್ಯಾಹಾರದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 690 ಕ್ಯಾಲೊರಿ ಕಡಿಮೆ ತಿಂದರು, ಹಸಿವೆಯೆಂದು ದೂರಲೂ ಇಲ್ಲ. ಜಿಡ್ಡಿನ ಆಹಾರದಲ್ಲಿ ಸ್ವಲ್ಪ ಜಾಗಕ್ಕೇ ಹೆಚ್ಚು ಕ್ಯಾಲೊರಿ ತುಂಬಿರುತ್ತದೆ ಎಂಬ ಮಾತು ಇದರಿಂದ ಸಾಬೀತಾಗುತ್ತದೆ, ಅದನ್ನು ಒಪ್ಪಲೇಬೇಕು. ಆದರೆ ಅದೇ ಹಾಲ್ 2019ರಲ್ಲಿ ಮಾಡಿದ ಇನ್ನೊಂದು ಪ್ರಯೋಗವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ ಬಡಿಸಿದ ಎರಡು ಊಟಗಳಲ್ಲೂ ಕೊಬ್ಬು, ಸಕ್ಕರೆ, ನಾರಿನಂಶ ಸರಿಸಮವಾಗಿದ್ದವು. ಒಂದು ಕಾರ್ಖಾನೆಯ ಸಿದ್ಧ ಆಹಾರ, ಇನ್ನೊಂದು ಆಗಷ್ಟೇ ಬೇಯಿಸಿದ ಅಡುಗೆ. ಸಿದ್ಧ ಆಹಾರವಿದ್ದಾಗ ಜನ ದಿನಕ್ಕೆ 500 ಕ್ಯಾಲೊರಿ ಹೆಚ್ಚು ತಿಂದರು. ಕೊಬ್ಬಿನ ಪಾಲು ಸಮವಾಗಿದ್ದರೂ ಊಟ ಇಷ್ಟೊಂದು ಏರುತ್ತದಾದರೆ ಹೊಣೆಯನ್ನು ಕೊಬ್ಬಿನ ತಲೆಗೊಂದಕ್ಕೇ ಕಟ್ಟಲಾಗದು. ಇನ್ನು ಆ ಶೇ 30ರ ಮಿತಿ ಸನ್ಯಾಸವೇನೂ ಅಲ್ಲ: 1,800 ಕ್ಯಾಲೊರಿ ತಿನ್ನುವವರಿಗೆ ಅದು ದಿನಕ್ಕೆ 60 ಗ್ರಾಂ ಕೊಬ್ಬಾಗುತ್ತದೆ. ಹಾಲು, ಬೇಳೆ, ಧಾನ್ಯದಲ್ಲಿ ಕಾಣದಂತೆ ಇರುವುದೂ ಅದರಲ್ಲಿ ಸೇರಿದೆ.

ಇನ್ನೊಂದು ಆಕ್ಷೇಪಣೆಗೆ ಆಧಾರ ಅಮೆರಿಕದ ತೂಕ ನಿಯಂತ್ರಣ ನೋಂದಣಿ. 1994ರಲ್ಲಿ ರೀನಾ ವಿಂಗ್ ಮತ್ತು ಜೇಮ್ಸ್ ಹಿಲ್ ಆರಂಭಿಸಿದ ಈ ದಾಖಲೆಯಲ್ಲಿ ತೂಕ ಇಳಿಸಿ ವರ್ಷಾನುಗಟ್ಟಲೆ ಉಳಿಸಿಕೊಂಡವರಿದ್ದಾರೆ, ಅವರಲ್ಲಿ ಹೆಚ್ಚಿನವರು ಕೊಬ್ಬು ಕಡಿಮೆ ತಿನ್ನುವವರೆಂದೇ ತೋರಿತು. ಆದರೆ ಅವರೆಲ್ಲ ತಾವಾಗಿ ಬಂದು ಹೆಸರು ಬರೆಸಿದವರು, ಕೊಬ್ಬು ಬಿಡುವುದೇ ರೂಢಿಯಾಗಿದ್ದ ಕಾಲದವರು. ಯಾವ ಪಥ್ಯ ಹಿಡಿದಿದ್ದರೂ ಅವರ ಸಾಲಿನಲ್ಲಿ ಸಾಮಾನ್ಯವಾಗಿ ಕಂಡದ್ದು ದಿನವೂ ನಡೆಯುವುದು, ಆಗಾಗ ತೂಕ ನೋಡಿಕೊಳ್ಳುವುದು, ವಾರವಿಡೀ ಒಂದೇ ಬಗೆಯ ಊಟದ ಕ್ರಮ ಪಾಲಿಸುವುದು.

ಕೀಟೊ ಪಂಗಡದವರು ಮುಂದಿಡುವ ಸಾಕ್ಷಿ ಮೊದಲ ವಾರದ ತಕ್ಕಡಿ. ಪಿಷ್ಟ ನಿಂತೊಡನೆ ಪಿತ್ತಜನಕಾಂಗ ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ ಖರ್ಚಾಗುತ್ತದೆ. ಅದರ ಒಂದೊಂದು ಗ್ರಾಂ ಜೊತೆಗೆ ಮೂರು ಗ್ರಾಂನಷ್ಟು ನೀರೂ ಹೊರಗೆ ಹೋಗುತ್ತದೆ. ಎರಡು ಮೂರು ಕೆ.ಜಿ. ಹೀಗೆ ಇಳಿದಾಗ ಕರಗಿದ್ದು ಬೊಜ್ಜು ಎಂದು ಯಾರಿಗಾದರೂ ಅನಿಸುತ್ತದೆ. ದೀರ್ಘಾವಧಿಯ 53 ಪ್ರಯೋಗಗಳನ್ನು ಒಟ್ಟು ಮಾಡಿ 2015ರಲ್ಲಿ ಪರಿಶೀಲಿಸಿದಾಗ ಪಿಷ್ಟ ಬಿಟ್ಟವರು ಕೊಬ್ಬು ಬಿಟ್ಟವರಿಗಿಂತ ಹೆಚ್ಚು ಇಳಿಸಿದ್ದು ಸರಾಸರಿ ಒಂದು ಕೆ.ಜಿ.ಗೆ ಸ್ವಲ್ಪ ಮೇಲೆ. ಇಷ್ಟು ಸಣ್ಣ ಗೆಲುವಿಗೆ ತುಪ್ಪ, ತೆಂಗಿನೆಣ್ಣೆಗಳ ಸ್ಯಾಚುರೇಟೆಡ್ ಕೊಬ್ಬನ್ನು ಲೆಕ್ಕವಿಲ್ಲದೆ ತಿನ್ನಿ ಎನ್ನುವಾಗ ಹೃದಯದ ಪ್ರಶ್ನೆ ಮತ್ತೆ ಮರೆಯಾಗುತ್ತದೆ. ಕೆಲವರ ಕೆಟ್ಟ ಕೊಲೆಸ್ಟರಾಲ್ ಕೀಟೊದಲ್ಲಿ ವಿಪರೀತ ಏರುವುದನ್ನು ವೈದ್ಯರು ಕಂಡಿದ್ದಾರೆ. ಗಾಣದ ಎಣ್ಣೆಯ ವಿಚಾರವೂ ಇಲ್ಲಿಗೇ ಸೇರುತ್ತದೆ. ಘಮಕ್ಕೆ, ರುಚಿಗೆ ಅದನ್ನು ಕೊಳ್ಳಬಹುದು, ತೂಕ ಇಳಿಸುತ್ತದೆಂದು ಕೊಂಡರೆ ದುಡ್ಡು ದಂಡ. ಗಾಣದ್ದಾಗಲಿ ರಿಫೈನ್ಡ್ ಆಗಲಿ ಒಂದು ಗ್ರಾಂ ಎಣ್ಣೆಗೆ ಅದೇ 9 ಕ್ಯಾಲೊರಿ.

ಕೊಬ್ಬನ್ನು ಪೂರ್ತಿ ಬಿಟ್ಟವರಿಗೂ ಬೆಲೆ ತೆರುವುದು ತಪ್ಪಿದ್ದಲ್ಲ. ಊಟದಲ್ಲಿ ಜಿಡ್ಡಿದ್ದಾಗಲೇ ಪಿತ್ತಕೋಶ ಚೆನ್ನಾಗಿ ಹಿಂಡಿಕೊಂಡು ಪಿತ್ತರಸ ಹೊರಹಾಕುತ್ತದೆ. ತೀರಾ ಕಡಿಮೆ ಕ್ಯಾಲೊರಿಯ, ಜಿಡ್ಡೇ ಇಲ್ಲದ ಪಥ್ಯದಲ್ಲಿ ಪಿತ್ತರಸ ನಿಂತು ಗಟ್ಟಿಯಾಗುತ್ತದೆ. ವೇಗವಾಗಿ ತೂಕ ಇಳಿಸುವವರಲ್ಲಿ ಪಿತ್ತಕೋಶದ ಕಲ್ಲು ಹೆಚ್ಚಾಗಿ ಕಾಣುವುದಕ್ಕೆ ಇದೂ ಒಂದು ಕಾರಣ, ಅದಕ್ಕೇ ಇಂಥ ಪಥ್ಯದಲ್ಲೂ ಸ್ವಲ್ಪ ಕೊಬ್ಬನ್ನು ಬೇಕೆಂದೇ ಉಳಿಸುತ್ತಾರೆ. ಎ, ಡಿ, ಇ, ಕೆ ವಿಟಮಿನ್‌ಗಳು ಮೈಗೆ ಹತ್ತಲೂ ಜಿಡ್ಡು ಬೇಕು. ಕ್ಯಾರೆಟ್ಟಿನ ಕೋಸಂಬರಿಗೆ ಕಾಯಿತುರಿ ಹಾಕಿ ಒಗ್ಗರಣೆ ಕೊಡುವುದು ಬರೀ ರುಚಿಗಲ್ಲ. ಎಲ್ಲ ಕೊಬ್ಬೂ ಅಂಕಿಯಲ್ಲಿ ತೋರುವಷ್ಟು ದಕ್ಕುವುದೂ ಇಲ್ಲ. ಲೇಬಲ್ಲಿನ ಲೆಕ್ಕದಲ್ಲಿ ಸುಮಾರು 170 ಕ್ಯಾಲೊರಿ ಇರುವ 28 ಗ್ರಾಂ ಬಾದಾಮಿಯಿಂದ ಮೈಗೆ ಸಿಗುವುದು 129 ಮಾತ್ರ ಎಂದು ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು 2012ರಲ್ಲಿ ಅಳೆದರು. ಅಗಿದರೂ ಒಡೆಯದ ಕೋಶಗಳೊಳಗಿನ ಎಣ್ಣೆ ಹಾಗೆಯೇ ಹೊರಗೆ ಹೋಗುತ್ತದೆ.

ಭಾರತದ ಮಟ್ಟಿಗೆ ಈ ಚರ್ಚೆಯ ನೆಲೆಯೇ ಬೇರೆ. ಅಮೆರಿಕದಲ್ಲಿ ಭಯ ಹುಟ್ಟಿಸಿದ್ದು ಮಾಂಸ, ಬೆಣ್ಣೆ, ಚೀಸ್. ನಮ್ಮ ಸರಾಸರಿ ಊಟದಲ್ಲಿ ಕ್ಯಾಲೊರಿಯ ಶೇ 62ರಷ್ಟು ಪಿಷ್ಟದಿಂದಲೇ ಬರುತ್ತದೆಂದು ಐಸಿಎಂಆರ್‌ನ ಇಂಡಿಯಾಬ್ ಸಮೀಕ್ಷೆ 2025ರಲ್ಲಿ ತೋರಿಸಿತು. ಮೂರು ಸಲ ಅನ್ನ ಬಡಿಸಿಕೊಂಡು ಒಗ್ಗರಣೆಯ ಎಣ್ಣೆಗೆ ಕೈ ಬಿಗಿಹಿಡಿಯುವ ಪಥ್ಯ ಇಲ್ಲಿ ಸಾಮಾನ್ಯ, ಅದರಿಂದ ಬರುವ ನಿರಾಶೆಯೂ ಅಷ್ಟೇ ಸಾಮಾನ್ಯ. ಕೆನೆ ತೆಗೆದ ಹಾಲಿನ ಲೆಕ್ಕವನ್ನೇ ನೋಡಿ. ಅರ್ಧ ಲೀಟರ್ ಟೋನ್ಡ್ ಹಾಲಿನಲ್ಲಿ ಶೇ 3ರಂತೆ 15 ಗ್ರಾಂ ಕೊಬ್ಬು, ಡಬಲ್ ಟೋನ್ಡ್‌ನಲ್ಲಿ ಅದರರ್ಧ. ನೀಲಿ ಪ್ಯಾಕೆಟ್ಟಿನ ಟೋನ್ಡ್ ಹಾಲು ಬಿಟ್ಟು ಡಬಲ್ ಟೋನ್ಡ್‌ಗೆ ಬದಲಾಯಿಸಿದವರಿಗೆ ಉಳಿಯುವುದು ಏಳೂವರೆ ಗ್ರಾಂ, ಅಂದರೆ 67 ಕ್ಯಾಲೊರಿ. ಅದೇ ಮನೆಯಲ್ಲಿ ಬಾಣಲೆಗೆ ಕಣ್ಣಳತೆಯಲ್ಲಿ ಸುರಿದ ಎಣ್ಣೆ ಒಂದು ದೊಡ್ಡ ಚಮಚ ಹೆಚ್ಚಾದರೆ 120 ಕ್ಯಾಲೊರಿ ಒಳಗೆ ಬಂದಾಯಿತು. ಎಣ್ಣೆಗಾಯಿ ಬೇಡವೆಂದಲ್ಲ, ಬದನೆಕಾಯಿ ಕುಡಿದ ಎಣ್ಣೆ ತಟ್ಟೆಯಲ್ಲಿ ಕಾಣುವುದಿಲ್ಲ ಎಂಬುದೇ ತೊಡಕು. ಜೋಳದ ರೊಟ್ಟಿಯ ಜೊತೆಗಿನ ಶೇಂಗಾ ಚಟ್ನಿಪುಡಿಯಲ್ಲೂ ಜಿಡ್ಡಿದೆ, ಆದರೆ ಅದನ್ನು ಯಾರೂ ಬಟ್ಟಲುಗಟ್ಟಲೆ ತಿನ್ನುವುದಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರ ಮಾರ್ಗಸೂಚಿಯಲ್ಲಿ 2,000 ಕ್ಯಾಲೊರಿಯ ದಿನದ ಊಟಕ್ಕೆ 27 ಗ್ರಾಂ ಎಣ್ಣೆ ಅಥವಾ ತುಪ್ಪ ಇಟ್ಟಿದೆ. ಕಾಳು, ಬೀಜಗಳ ಜಿಡ್ಡು ಇದರಿಂದ ಹೊರಗಿನದು. ನಾಲ್ಕು ಜನರ ಮನೆಗೆ ಇದು ತಿಂಗಳಿಗೆ ಮೂರೂವರೆ ಲೀಟರ್ ಆಗುತ್ತದೆ. 2025ರಲ್ಲಿ ಪ್ರಧಾನಿ ಅಡುಗೆ ಎಣ್ಣೆಯನ್ನು ಶೇ 10ರಷ್ಟು ಕಡಿಮೆ ಕೊಳ್ಳಿ ಎಂದಾಗ ಮನೆಯವರ ಕಣ್ಣು ಹೋದದ್ದು ಅಡುಗೆಮನೆಯ ಕ್ಯಾನಿನ ಕಡೆಗೆ. ಆ ಕ್ಯಾನಿನ ಮಟ್ಟ ನೋಡಿ ಮನೆಯ ಎಣ್ಣೆಯನ್ನು ಲೆಕ್ಕ ಹಾಕಬಹುದು. ಸಂಜೆಯ ಬೇಕರಿ ಪಫ್, ದರ್ಶಿನಿಯ ವಡೆ, ಖಾರದ ಪೊಟ್ಟಣಗಳಲ್ಲಿ ಬರುವ ಎಣ್ಣೆಯನ್ನು ಯಾವ ಕ್ಯಾನೂ ತೋರಿಸುವುದಿಲ್ಲ.