ಯಾರ ಮನಿಯಾಂವ?

ನಮ್ಮ ಶಹಾಪುರ, ಸುರಪುರದ ಕಡೆ ಗುರುತಿಲ್ಲದ ಹುಡುಗ ಕಂಡರೆ ಹಿರಿಯರು ಕೇಳೋದು, "ಯಾರ ಮನಿಯಾಂವಪಾ ನೀ?" ಅಂತ. ಸರ್ಕಾರಿ ಅರ್ಜಿ ಕೇಳೋದು ತಂದೆಯ ಹೆಸರು. ಎರಡೂ ಒಂದೇ ಪ್ರಶ್ನೆ ಅಂತ ಬಹಳ ದಿನ ಅಂದುಕೊಂಡಿದ್ದೆವು. ಅಲ್ಲ.

ಬೆಂಗಳೂರಿನಲ್ಲಿ ಮದುವೆಯಿಲ್ಲದೆ ಜೊತೆಗಿದ್ದು, ಮಗುವಾದ ಮೇಲೆ ಬೇರೆಯಾದ ಜೋಡಿಯ ಮಾತು ಬಂದರೆ, "ಇದೆಲ್ಲಾ ಈಗಿನ ಕಾಲದ ಸಮಸ್ಯೆ ಬಿಡು" ಅಂತಾರೆ ಗೆಳೆಯರು. ಮಗು ಯಾರ ಹತ್ತಿರ ಇರಬೇಕು ಅನ್ನೋ ಈ ಪ್ರಶ್ನೆಗೆ ನಮ್ಮ ಸೀಮೆಯಲ್ಲಿ ಹಳೇ ಉತ್ತರವೊಂದು ಇತ್ತು.

ರಾಯಚೂರು, ಬಳ್ಳಾರಿ ಕಡೆ ಗಂಡುಮಕ್ಕಳಿಲ್ಲದ ಮನೆಯವರು ಮಗಳನ್ನು ಬಸವಿ ಬಿಡುತ್ತಿದ್ದರು. ಆಕೆಗೆ ಮದುವೆ ಇಲ್ಲ. ತವರಲ್ಲೇ ಇದ್ದು ಮಗನ ಜಾಗ ತುಂಬಬೇಕು. ಆಸ್ತಿ ಆಕೆಗೆ, ಅಪ್ಪ ಸತ್ತರೆ ಕ್ರಿಯೆ ಮಾಡೋಳೂ ಆಕೆಯೇ. ಹುಟ್ಟಿದ ಮಕ್ಕಳು ತಾಯಿಯ ತಂದೆಯ ಮನೆಯವರು. ಹುಟ್ಟಿಸಿದವನಿಗೆ ಅವರ ಮೇಲೆ ಹಕ್ಕಿಲ್ಲ. ಅಂದರೆ ಕಸ್ಟಡಿ ತೀರ್ಮಾನ ಮುತ್ತು ಕಟ್ಟಿದ ದಿನವೇ ಆಗಿಹೋಗುತ್ತಿತ್ತು, ಮಗು ಹುಟ್ಟೋಕೆ ಎಷ್ಟೋ ವರ್ಷ ಮೊದಲು.

ಎಷ್ಟು ಮುಂದುವರಿದಿದ್ದರು ನೋಡಿ ಅಂತ ಖುಷಿಪಡಬೇಡಿ. ಹಕ್ಕಿಲ್ಲದವನಿಗೆ ಹೊಣೆಯೂ ಇರಲಿಲ್ಲ. ಹೊಲಮನೆ ಇದ್ದವರಲ್ಲಿ ಲೆಕ್ಕ ಹೇಗೋ ಸರಿಹೋಯಿತು. ತುಂಡು ಹೊಲವೂ ಇಲ್ಲದ ದಲಿತ ಕೇರಿಯಲ್ಲಿ ಮುತ್ತು ಕಟ್ಟಿಸಿಕೊಂಡ ಹುಡುಗಿಗೆ ಉಳಿದಿದ್ದು ಮಗು ಮತ್ತು ಕೂಲಿ. ಬಾಂಬೆ ಪ್ರಾಂತ್ಯ 1934ರಲ್ಲಿ, ಮದ್ರಾಸ್ 1947ರಲ್ಲಿ ದೇವದಾಸಿ ಕಾಯ್ದೆ ಮಾಡಿದವು. ನಾವು ನಿಜಾಮರ ಸೀಮೆಯವರು, ಅವೆರಡೂ ನಮಗೆ ತಾಗಲಿಲ್ಲ. ಕರ್ನಾಟಕದ 1982ರ ಕಾಯ್ದೆ ಮುತ್ತು ಕಟ್ಟಿಸಿದವರಿಗೆ ಶಿಕ್ಷೆ ಇಟ್ಟಿತು. ಆದರೂ 1993–94 ಮತ್ತು 2007–08ರ ಎರಡು ಸಮೀಕ್ಷೆ ಸೇರಿ ರಾಜ್ಯದಲ್ಲಿ ಸಿಕ್ಕ ಮಾಜಿ ದೇವದಾಸಿಯರು 46,660. ಅವರ ಮಕ್ಕಳ ಲೆಕ್ಕ ಬೇರೆ.

ಈ ನಡುವೆ ದೇಶದ ಕಾನೂನು ತನ್ನದೇ ಉತ್ತರ ಬರೆದಿತ್ತು. ಹಿಂದೂ ಅಪ್ರಾಪ್ತವಯಸ್ಕರ ಪೋಷಕತ್ವದ ಕಾಯ್ದೆ ಬಂದಿದ್ದು 1956ರ ಆಗಸ್ಟ್‌ನಲ್ಲಿ. ಎರಡು ತಿಂಗಳ ಮೇಲೆ, ನವೆಂಬರ್ 1ಕ್ಕೆ, ಶಹಾಪುರ ಹೈದರಾಬಾದ್ ಬಿಟ್ಟು ಮೈಸೂರು ರಾಜ್ಯ ಸೇರಿತು. ಆ ಕಾಯ್ದೆಯ 6ನೇ ಕಲಂ ನಮ್ಮ ಕೋಡ್‌ನ ಇಫ್-ಎಲ್ಸ್ ಇದ್ದಂಗಿದೆ. ಮದುವೆಯಾದವರ ಮಗುವಿಗೆ ಸಹಜ ಪೋಷಕ ತಂದೆ, ಆಮೇಲೆ ತಾಯಿ. ಮದುವೆಯಾಗದವರ ಮಗುವಿಗೆ ತಾಯಿ, ಆಮೇಲೆ ತಂದೆ. ಇದನ್ನು ಹೆಂಗಸಿಗೆ ಕೊಟ್ಟ ಗೌರವ ಅಂತ ನಾನು ಓದಲಾರೆ. ವಂಶ, ಆಸ್ತಿ ಇದ್ದ ಕಡೆ ಅಪ್ಪ ಮೊದಲು. ಊರು ಆಡಿಕೊಳ್ಳೋ ಕಡೆ ಅಮ್ಮ ಮೊದಲು.

ಮೊದಲ ಸಾಲನ್ನು 1999ರಲ್ಲಿ ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸಡಿಲಿಸಿತು. ತಂದೆ ಬದುಕಿದ್ದರೂ ಮಗುವಿನ ಗೊಡವೆಗೆ ಬರದಿದ್ದರೆ ತಾಯಿಯೇ ಪೋಷಕಳು ಅಂತು. 2015ರಲ್ಲಿ ಇನ್ನೂ ಮುಂದೆ ಹೋಯಿತು. ಮದುವೆಯಾಗದ ತಾಯಿಯೊಬ್ಬಳು ಮಗನ ಪೋಷಕತ್ವ ಕೇಳಿದ್ದಳು, ಕೆಳಗಿನ ಕೋರ್ಟುಗಳು ತಂದೆಗೆ ನೋಟಿಸ್ ಕೊಡಲೇಬೇಕು ಅಂದಿದ್ದವು. ಅವನ ಹೆಸರು ಹೇಳಬೇಕಾಗಿಲ್ಲ ಅಂತ ತೀರ್ಪಾಯಿತು. 2016ರ ಕೊನೆಗೆ ಪಾಸ್‌ಪೋರ್ಟ್ ಅರ್ಜಿಗೂ ಒಬ್ಬ ಪೋಷಕರ ಹೆಸರು ಸಾಕಾಯಿತು.

ಹಾಗಾದರೆ ಮಗುವನ್ನು ನೋಡಬೇಕು ಅನ್ನೋ ಅಪ್ಪ? ಅಂಥವರೂ ಇದ್ದಾರೆ. ಗಂಡನಾಗಿದ್ದರೆ ಮಗು ಅವನದೇ ಅಂತ ಕಾನೂನು ತಾನೇ ಊಹಿಸಿಕೊಳ್ಳುತ್ತೆ. ಮದುವೆಯಾಗದವನು ಮೊದಲು ತಾನು ಅಪ್ಪ ಅಂತ ತೋರಿಸಬೇಕು, ಆಮೇಲೆ ಭೇಟಿಗೆ ಕೇಳಬೇಕು. ಅಲ್ಲಿ ಅಳತೆಗೋಲು ಮಗುವಿನ ಹಿತ ಒಂದೇ. 2020ರಲ್ಲಿ, ಅಮೆರಿಕದಲ್ಲಿದ್ದ ದಂಪತಿಯ ಜಗಳದಲ್ಲಿ (ಯಶಿತಾ ಸಾಹು ಪ್ರಕರಣ) ಸುಪ್ರೀಂ ಕೋರ್ಟ್ ಭೇಟಿಯ ಜೊತೆ "ಸಂಪರ್ಕದ ಹಕ್ಕು" ಅಂತ ಬೇರೆಯಾಗಿ ಹೇಳಿತು. ದೂರ ಇರುವ ಅಪ್ಪ ಅಥವಾ ಅಮ್ಮ ದಿನಾ ಐದು-ಹತ್ತು ನಿಮಿಷ ವಿಡಿಯೋ ಕಾಲಿನಲ್ಲಿ ಮಗುವಿನ ಜೊತೆ ಮಾತಾಡಬೇಕು ಅಂತ. ಆ ಇಬ್ಬರಿಗೆ ಮದುವೆಯಾಗಿತ್ತು, ನಿಜ. ಆದರೆ ಇಬ್ಬರ ಪ್ರೀತಿಯೂ ಮಗುವಿಗೆ ಸಿಗಬೇಕು ಅನ್ನೋ ಆ ವಾದಕ್ಕೆ ತಾಳಿಯ ಹಂಗಿಲ್ಲ.

ನಮ್ಮ ಹಳ್ಳಿಗಳಲ್ಲಿ ಸಂಪರ್ಕಕ್ಕೆ ವಿಡಿಯೋ ಕಾಲ್ ಬೇಕಿರಲಿಲ್ಲ. ಆ ಮಗುವಿನ ಅಪ್ಪ ಯಾರು ಅಂತ ಊರಿಗೆಲ್ಲಾ ಗೊತ್ತು. ಅವನು ಅದೇ ಊರಿನ ಅಗಸಿ ಕಟ್ಟೆ ಮೇಲೆ ಕೂತಿರುತ್ತಾನೆ, ಮಗು ಅವನ ಮುಂದೆಯೇ ಸಾಲಿಗೆ ಹೋಗುತ್ತೆ, ಇಬ್ಬರೂ ಮಾತಾಡೋಹಂಗಿಲ್ಲ. 2025ರ ಆಗಸ್ಟ್‌ನಲ್ಲಿ ರಾಜ್ಯದ ಶಾಸನಸಭೆ ಒಪ್ಪಿದ ಹೊಸ ದೇವದಾಸಿ ಮಸೂದೆಯಲ್ಲಿ ಆ ಮಗುವಿಗಾಗಿ ಎರಡು ಮಾತಿವೆ. ಅರ್ಜಿಯಲ್ಲಿ ಅಪ್ಪನ ಹೆಸರು ಬರೆಯಲೇಬೇಕು ಅಂತಿಲ್ಲ. ಬೇಕು ಅನ್ನಿಸಿದರೆ, ಇವನೇ ನನ್ನ ಅಪ್ಪ ಅಂತ ಗುರುತಿಸಿಕೊಡಿ ಅಂತ ಕೇಳಬಹುದು.